ದೇವರನಾಮವನ್ನು ಕಟ್ಟುವ ಬಗೆ

ನಿಗಡಿಯಲ್ಲಿ ಬೆಳೆದ ನಮ್ಮ ಮಕ್ಕಳ ನಾಲಿಗೆಗೆ ಅಭಂಗವು ಸುಲಭವಾಗಿ ಒದಗುತ್ತದೆ. ದಾಸರ ಪದವು ತೊಡರುತ್ತದೆ. ಪಂಢರಪುರದ ವಿಠಲನೇ ಉಭಯರಿಗೂ ಸ್ವಾಮಿಯಾದ್ದರಿಂದ ಅಭಂಗವನ್ನು ನಾವು ಪರಕೀಯವೆನ್ನಲಾರೆವು. ಆದರೆ ಮನೆಯಿಂದ ಕನ್ನಡವು ಹೊರಟುಹೋದರೆ ದಾಸರ ಪದಗಳ ಅರ್ಥವೂ ಹೊರಟುಹೋದೀತು. ಆದುದರಿಂದ ಮಕ್ಕಳು ತಾವೇ ಒಂದು ಪದವನ್ನು ಕಟ್ಟಿ ಕಲಿಯಲಿ.

ಪಲ್ಲವಿಯು ಒಂದೇ ಭಾವವನ್ನು ಹೇಳುವ, ಮರಳಿ ಮರಳಿ ಹಾಡಿದರೂ ಬೇಸರ ತಾರದ ಚಿಕ್ಕ ಸಾಲಾಗಿರಬೇಕು. ಅನುಪಲ್ಲವಿಯು ಅದನ್ನು ವಿಸ್ತರಿಸುತ್ತ ರಾಗವನ್ನು ಮೇಲಿನ ಸ್ಥಾಯಿಯತ್ತ ಒಯ್ಯುತ್ತದೆ. ಪ್ರತಿಯೊಂದು ಚರಣವೂ ಹೊಸ ದೃಷ್ಟಾಂತವನ್ನು ತಂದು ಪಲ್ಲವಿಗೇ ಮರಳಬೇಕು. ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬಂದರೆ ಪ್ರಾಸವು ಕೂಡಿ, ಪದವು ನೆನಪಿನಲ್ಲಿ ಉಳಿಯುತ್ತದೆ. ಆದಿತಾಳಕ್ಕೆ 8 ಅಕ್ಷರಕಾಲ, ತ್ರಿಪುಟಕ್ಕೆ 7, ಝಂಪೆಗೆ 10. ಮೊದಲು ಕೈಯಲ್ಲಿ ತಾಳ ಹಾಕಿ, ಬಳಿಕ ಮಾತನ್ನು ಕೂಡಿಸಬೇಕು.

ಕಡೆಯ ಚರಣದಲ್ಲಿ ಅಂಕಿತ. ಶ್ರೀಪಾದರಾಜರದು ರಂಗವಿಠಲ, ವಾದಿರಾಜರದು ಹಯವದನ. ದಾಸದೀಕ್ಷೆಯ ಅಂಕಿತವು ಗುರುಮುಖದಿಂದಲೇ ಬರತಕ್ಕದ್ದು. ಪದ ಕಟ್ಟಿದ ಬಾಲಿಕೆಯೊಬ್ಬಳು ಅಲ್ಲಿ ತನ್ನ ಹೆಸರನ್ನೇ ಇಟ್ಟಿದ್ದಳು. ನಾವು ಗದರಿಸಿದೆವು, ಮೊದಲೇ ತಿಳಿಸಿಕೊಡದ ತಪ್ಪು ನಮ್ಮದೇ ಆಗಿತ್ತು. ಮೂರು ವಾರ ಅವಳು ಹಾಡಲೇ ಇಲ್ಲ. ನಾವೇ ಹೋಗಿ ಒಡಂಬಡಿಸಿದೆವು. ಈಗ ಆ ಸ್ಥಳದಲ್ಲಿ ಕುಲದೇವರ ನಾಮವನ್ನು ಇಟ್ಟು ಹಾಡುತ್ತಾಳೆ. ಅವಳ ಕನ್ನಡದಲ್ಲಿ ತಪ್ಪುಗಳಿವೆ. ತಿದ್ದುವ ಹಿರಿಯರು ಮನೆಮನೆಯಲ್ಲಿಯೂ ಇದ್ದೇವಲ್ಲ!

॥ ಶ್ರೀಕೃಷ್ಣಾರ್ಪಣಮಸ್ತು ॥