ನಿಧಾನ ನಡೆದವರೇ ದೂರ ಹೋಗುತ್ತಾರೆ



ವಿಕ್ರೋಳಿಯ ಕನ್ನಮ್ವಾರ್ ನಗರದಿಂದ ಐವತ್ತು ದಾಟಿದ ಒಬ್ಬರು ನನ್ನಲ್ಲಿಗೆ ಬಂದಿದ್ದರು. ಊರು ವಿಜಯಪುರದ ಕಡೆ. "ಡಾಕ್ಟರ್ರೇ, ಈ ಯುಗಾದಿಗೆ ಊರವರ ಜೋಡಿ ಶ್ರೀಶೈಲಕ್ಕ ನಡಕೊಂಡು ಹೋಗಬೇಕ್ರಿ, ಹರಕಿ ಐತಿ" ಎಂದರು. ಬಿ.ಪಿ., ಸಕ್ಕರೆ ಎರಡೂ ಇವೆ. ಸ್ಟೇಷನ್ ಸೇತುವೆ ಹತ್ತುವಾಗ ಎದೆ ಬಿಗಿಯುತ್ತದೆ, ಎರಡು ನಿಮಿಷ ನಿಂತರೆ ಇಳಿಯುತ್ತದೆ. ಅದನ್ನವರು ಗ್ಯಾಸ್ ಎಂದುಕೊಂಡಿದ್ದರು. ಹೃದಯದ ರಕ್ತನಾಳ ಕಿರಿದಾದಾಗ ಕಾಣುವ ಲಕ್ಷಣವೇ ಅದು.

ಕಾಲ್ನಡಿಗೆಯ ಸೆಳೆತ ನನಗೆ ಅರ್ಥವಾಗುತ್ತದೆ. ರಾತ್ರಿ ಬಸ್ಸಿನ ನಿದ್ದೆಯಲ್ಲಿ ಕಳೆದುಹೋಗುವ ದಾರಿ, ನಡೆಯುವವರಿಗೆ ಊರೂರಾಗಿ ತೆರೆದುಕೊಳ್ಳುತ್ತದೆ. ಜೋಳದ ಹೊಲ, ಬೇವಿನ ನೆರಳು, ಗುರುತಿಲ್ಲದವರು ಕರೆದು ಕೊಡುವ ಮಜ್ಜಿಗೆ. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳು ಸುಮಾರು 250 ಕಿ.ಮೀ. ದಾರಿಗೆ ಮೂರು ವಾರ ತೆಗೆದುಕೊಳ್ಳುತ್ತಾರೆ. ಹೃದಯಕ್ಕೂ ಇಂಥ ನಿಧಾನವೇ ಹಿತ. ಹೆಜ್ಜೆ ಹೆಜ್ಜೆಗೂ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತದೆ, ರೂಢಿಯಾದರೆ ಬಿ.ಪಿ., ಸಕ್ಕರೆ ಹತೋಟಿಗೆ ಬರಲು ನೆರವಾಗುತ್ತದೆ.

ಆದರೆ ಶ್ರೀಶೈಲದ ದಾರಿ ನೂರಾರು ಕಿ.ಮೀ., ಅದೂ ಬೇಸಿಗೆಯ ಬಿಸಿಲಲ್ಲಿ. ಮೈ ದಣಿದ ಮೇಲೆ ಕೊನೆಗೆ ನಲ್ಲಮಲ ಕಾಡಿನಲ್ಲಿ ಭೀಮನಕೊಳ್ಳದ ಏರು. ಸೇತುವೆಯ ಮೆಟ್ಟಿಲಿಗೇ ಬಿಗಿಯುವ ಎದೆ ಅಲ್ಲಿ ತಾಳೀತೇ? "ಮೊದಲು ಪರೀಕ್ಷೆ, ಚಿಕಿತ್ಸೆ. ಮಲ್ಲಯ್ಯ ಮುಂದಿನ ಯುಗಾದಿಗೂ ಅಲ್ಲೇ ಇರುತ್ತಾನೆ" ಎಂದೆ.

ನೀವೂ ಹೊರಡುವವರಿದ್ದರೆ:

1. ಮೂರು ತಿಂಗಳು ಮೊದಲೇ ಶುರು ಮಾಡಿ. ವಾರಕ್ಕೆ ಐದು ದಿನ, 30 ನಿಮಿಷ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ವಾರವಾರ ಸ್ವಲ್ಪ ಹೆಚ್ಚಿಸಿ. ಸಮತಟ್ಟು ರೂಢಿಯಾದ ಮೇಲೆ ಪಾರ್ಕ್‌ಸೈಟ್ ಕಡೆಯ ಏರು ಹತ್ತಿ.

2. 40 ದಾಟಿದವರು, ಬಿ.ಪಿ., ಸಕ್ಕರೆ ಅಥವಾ ಬೀಡಿ-ಸಿಗರೇಟಿನ ಚಟ ಇದ್ದವರು ಮೊದಲು ಡಾಕ್ಟರನ್ನು ಕಾಣಿ.

3. ದಾರಿಯಲ್ಲಿ ಮಾತ್ರೆ ಬಿಡಬೇಡಿ. ಉಪವಾಸವಿದ್ದರೆ ಸಕ್ಕರೆ ಮಾತ್ರೆ, ಬಿಸಿಲಿದ್ದರೆ ಮೂತ್ರ ಹೋಗಿಸುವ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು ಎಂದು ಮೊದಲೇ ಕೇಳಿಕೊಳ್ಳಿ.

4. ಸಕ್ಕರೆ ಇರುವವರು ಬರಿಗಾಲಲ್ಲಿ ನಡೆಯಬೇಡಿ. ದಿನಾ ರಾತ್ರಿ ಪಾದದಲ್ಲಿ ಗುಳ್ಳೆ, ಗಾಯ ಇದೆಯೇ ನೋಡಿ.

5. ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ತಕ್ಷಣ ಕೂತುಬಿಡಿ, 108ಕ್ಕೆ ಕರೆ ಮಾಡಿಸಿ. ಸೋಡಾ ಕುಡಿದು ಕಾಯಬೇಡಿ.

ಅವರು ಚಿಕಿತ್ಸೆ ಪಡೆದು ಈಗ ದಿನಾ ಬೆಳಿಗ್ಗೆ ನಡೆಯುತ್ತಿದ್ದಾರೆ. ಸೇತುವೆಯನ್ನು ನಿಲ್ಲದೆ ಹತ್ತುತ್ತಾರೆ. ಹರಕೆಯ ನಡಿಗೆ ಆಗಲೇ ಶುರುವಾಗಿದೆ.

ಊರಲ್ಲಿರುವ ಅಪ್ಪ, ಅಣ್ಣ, ಕಾಕಾ ಅವರಿಗೂ ಇದನ್ನು ಓದಿ ಹೇಳಿ.