ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲು ಪವರ್ ಸಪ್ಲೈ ಲೇಬಲ್ ಓದಿ

ಈ ಲೇಖನ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಮಾತ್ರ ಅಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಇದರಲ್ಲಿ ಬರುವ ಲೆಕ್ಕ ಗುಣಾಕಾರ, ಭಾಗಾಕಾರದ್ದು. ಆ ಲೆಕ್ಕವನ್ನು ಮೊದಲೇ ಮಾಡದೆ ಇದ್ದುದರಿಂದ ನಮ್ಮ ಮನೆಯಲ್ಲಿ ಒಂದು ವಾರ ಜಗಳವಾಯಿತು. ನಿಮಗೆ ಹಾಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ನಮ್ಮ ಮಾಮೂ ಬೆಟಗೇರಿಯಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೊ ನಡೆಸುತ್ತಾರೆ. ಮದುವೆ, ವಲೀಮಾ, ಕುಬುಸ, ಗೃಹಪ್ರವೇಶ ಎಲ್ಲದಕ್ಕೂ ಹೋಗುತ್ತಾರೆ. ಫೋಟೊ ಆಲ್ಬಮ್ ಮಾಡಲು ಅವರ ಹಳೆಯ ಕಂಪ್ಯೂಟರ್ ಸಾಕಾಗುತ್ತಿತ್ತು. ಆದರೆ ಈಗ ಎಲ್ಲರೂ 4ಕೆ ವಿಡಿಯೊ ಕೇಳುತ್ತಾರೆ. ಒಂದು ವಿಡಿಯೊ ರೆಂಡರ್ ಆಗಲು ರಾತ್ರಿಯಿಡೀ ಬೇಕಾಗುತ್ತಿತ್ತು. "ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಮಾಮೂ" ಎಂದವನು ನಾನೇ. ಹುಬ್ಬಳ್ಳಿಯಿಂದ 8,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ತಂದೆವು.

ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಚೆನ್ನಾಗಿ ಶುರುವಾಯಿತು. ಎಡಿಟಿಂಗ್ ಸರಾಗವಾಯಿತು. ಆದರೆ ರೆಂಡರ್ ಒತ್ತಿದ ನಾಲ್ಕೈದು ನಿಮಿಷಕ್ಕೆ ಪಟ್ಟನೆ ಬಂದ್! ಮತ್ತೆ ಹಚ್ಚಿದರೆ ಮತ್ತೆ ಬಂದ್. ಮುಂಡರಗಿಯ ಒಬ್ಬ ಗಿರಾಕಿಯ ವಲೀಮಾ ವಿಡಿಯೊ ಶುಕ್ರವಾರ ಕೊಡಬೇಕಿತ್ತು. ರಿಪೇರಿಯವರು ಬಂದು ನೋಡಿ, "ಕಾರ್ಡ್ ಹೋಗೇತಿ ಭಾಯ್, ವಾಪಸ್ ಕೊಟ್ಟಬಿಡ್ರಿ" ಎಂದರು. ಮಾಮೂ ಕಾರ್ಡ್ ಮಾರಿದವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ನನ್ನನ್ನು ಬೈಯಲಿಲ್ಲ, ಆದರೆ ಎರಡು ದಿನ ಮಾತಾಡಲಿಲ್ಲ.

ಲೇಬಲ್ ಹೇಳಿದ್ದು

ಕಾರ್ಡ್ ನಿಜವಾಗಿ ಕೆಟ್ಟಿದ್ದರೆ ಲೋಡ್ ಬಂದಾಗ ಮಾತ್ರ ಏಕೆ ಬಂದ್ ಆಗಬೇಕು? ಪರದೆಯ ಮೇಲೆ ಗೆರೆ ಇಲ್ಲ, ಬಣ್ಣ ಕೆಟ್ಟಿಲ್ಲ. ಕಂಪ್ಯೂಟರಿನ ಬದಿಯ ತಗಡು ತೆಗೆದು ಪವರ್ ಸಪ್ಲೈ ಡಬ್ಬಿಯ ಲೇಬಲ್ಲನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಕೋಷ್ಟಕ ಇತ್ತು. ಮುಖ್ಯವಾದದ್ದು ಆ ಕೋಷ್ಟಕ.

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಎಸಿ ವಿದ್ಯುತ್ತನ್ನು ಪವರ್ ಸಪ್ಲೈ 12 ವೋಲ್ಟ್, 5 ವೋಲ್ಟ್ ಮತ್ತು 3.3 ವೋಲ್ಟ್ ಡಿಸಿ ಆಗಿ ಬದಲಿಸುತ್ತದೆ. ಇವಕ್ಕೆ ರೇಲ್ ಎನ್ನುತ್ತಾರೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ 12 ವೋಲ್ಟ್ ರೇಲಿನಿಂದಲೇ ಉಣ್ಣುತ್ತವೆ. ಉಳಿದ ಎರಡು ರೇಲುಗಳಲ್ಲಿ ಎಷ್ಟು ಮಿಕ್ಕಿದ್ದರೂ ಕಾರ್ಡಿಗೆ ಉಪಯೋಗವಿಲ್ಲ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಕಲಿತದ್ದು: ವ್ಯಾಟ್ ಎಂದರೆ ವೋಲ್ಟ್ ಗುಣಿಸು ಆಂಪಿಯರ್. ಮಾಮೂ ಅವರ ಡಬ್ಬಿಯಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿತ್ತು. 12 × 16 = 192 ವ್ಯಾಟ್. ಹೊರಗೆ 450, ಬೇಕಾದ ಕಡೆ 192!

ಈಗ ಖರ್ಚಿನ ಬದಿ ನೋಡೋಣ. ಅವರ ಪ್ರೊಸೆಸರ್ ಏಳನೇ ತಲೆಮಾರಿನ ಐ5, 65 ವ್ಯಾಟಿನದು. ಜಿಟಿಎಕ್ಸ್ 1660 ಸೂಪರ್ 125 ವ್ಯಾಟಿನದು. ಎರಡೇ ಸೇರಿ 190 ವ್ಯಾಟ್. ಇನ್ನು ಫ್ಯಾನುಗಳು, ಹಾರ್ಡ್ ಡಿಸ್ಕಿನ ಮೋಟಾರು ಕೂಡ 12 ವೋಲ್ಟಿನವೇ. ಜೊತೆಗೆ ಕೆಲಸ ಜೋರಾದಾಗ ಪ್ರೊಸೆಸರ್ ಮತ್ತು ಕಾರ್ಡ್ ಕ್ಷಣಕಾಲ ತಮ್ಮ ಅಂಕಿಗಿಂತ ಹೆಚ್ಚು ಎಳೆಯುತ್ತವೆ. ಜಮೆ 192, ಖರ್ಚು ಅದಕ್ಕಿಂತ ಹೆಚ್ಚು. ಬಾಕಿ ತಾಳೆಯಾಗದಿದ್ದಾಗ ಪವರ್ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತಿತ್ತು. ಕಾರ್ಡಿನದು ಏನೂ ತಪ್ಪಿರಲಿಲ್ಲ. ಆ ಕಾರ್ಡಿಗೆ ಒಳ್ಳೆಯ 450 ವ್ಯಾಟಿನ ಪವರ್ ಸಪ್ಲೈ ಇರಬೇಕೆಂದು ತಯಾರಕರೇ ಹೇಳುತ್ತಾರೆ. ನಾವು ಡಬ್ಬಿಯ ಮೇಲಿನ ಅಂಕಿ ನೋಡಿ ಸಾಕೆಂದುಕೊಂಡಿದ್ದೆವು. ಸಂತೆಯಲ್ಲಿ ಎರಡು ಕಿಲೊ ಉಳ್ಳಾಗಡ್ಡಿಗೆ ತಕ್ಕಡಿಯ ಮುಳ್ಳು ನೋಡುವ ನಾವು ಇಲ್ಲಿ ಮುಳ್ಳು ನೋಡಿರಲಿಲ್ಲ.

ಪಿನ್ನುಗಳ ಲೆಕ್ಕ

ಇನ್ನೊಂದು ತಪ್ಪೂ ಸಿಕ್ಕಿತು. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದರೆ ಪವರ್ ಸಪ್ಲೈಯಿಂದ ಬೇರೆ ವೈರ್ ಬೇಕು. 6 ಪಿನ್ನಿನ ವೈರ್ 75 ವ್ಯಾಟಿಗೆ, 8 ಪಿನ್ನಿನದು 150 ವ್ಯಾಟಿಗೆ. ನಮ್ಮ ಕಾರ್ಡಿಗೆ 8 ಪಿನ್ ಬೇಕಿತ್ತು. ಹಳೆಯ ಡಬ್ಬಿಯಲ್ಲಿ ಆ ವೈರೇ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಕೊಡುವ ಹಳೆಯ ನಾಲ್ಕು ಪಿನ್ನಿನ ವೈರಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಹೊಂದಿಸಿದ್ದೆವು. ಬಿಚ್ಚಿ ನೋಡಿದಾಗ ಆ ಪ್ಲಾಸ್ಟಿಕ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ವಾರ ಓಡಿಸಿದ್ದರೆ ಏನಾಗುತ್ತಿತ್ತೋ! ಪವರ್ ಸಪ್ಲೈಯಲ್ಲಿ ಕಾರ್ಡಿಗೆ ಬೇಕಾದ ವೈರ್ ಇಲ್ಲ ಎಂದರೆ ಅದು ಆ ಕಾರ್ಡಿಗಾಗಿ ಮಾಡಿದ್ದಲ್ಲ ಎಂದು ತಿಳಿಯಿರಿ. ಅಡಾಪ್ಟರ್ ಹುಡುಕಬೇಡಿ.

ಎಷ್ಟು ವ್ಯಾಟಿನದು ಕೊಳ್ಳಬೇಕು?

ಪ್ರೊಸೆಸರ್ 65, ಕಾರ್ಡ್ 125, ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ ಸುಮಾರು 60. ಒಟ್ಟು 250 ವ್ಯಾಟ್. ನಾವು 3,900 ರೂಪಾಯಿ ಕೊಟ್ಟು 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಗುರುತಿನ ಹೊಸ ಪವರ್ ಸಪ್ಲೈ ತಂದೆವು. ಈ ಸಲ ಅಂಗಡಿಯಲ್ಲೇ ಕೋಷ್ಟಕ ಓದಿದೆ: 12 ವೋಲ್ಟಿನಲ್ಲಿ 43 ಆಂಪಿಯರ್, ಅಂದರೆ 516 ವ್ಯಾಟ್.

ಬ್ರಾಂಜ್ ಎಂದರೆ ಅರ್ಧ ಲೋಡಿನಲ್ಲಿ ಶೇಕಡಾ 85ರಷ್ಟು ದಕ್ಷತೆ. ನಮ್ಮ 250 ವ್ಯಾಟ್ ಹೆಚ್ಚುಕಡಿಮೆ ಅರ್ಧ ಲೋಡಿಗೇ ಬರುತ್ತದೆ. ಆಗ ಗೋಡೆಯಿಂದ ಎಳೆಯುವುದು 250 ÷ 0.85, ಸುಮಾರು 294 ವ್ಯಾಟ್. ಗುರುತೇ ಇಲ್ಲದ ಹಳೆಯದನ್ನು ಶೇಕಡಾ 70 ಎಂದು ಹಿಡಿದರೆ 357 ವ್ಯಾಟ್. ವ್ಯತ್ಯಾಸ 63 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ದಿನಕ್ಕೆ 4 ಗಂಟೆ ರೆಂಡರ್, ವರ್ಷಕ್ಕೆ 300 ದಿನ ಎಂದರೆ ಸುಮಾರು 76 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 600 ರೂಪಾಯಿ ಉಳಿತಾಯ.

ಕರೆಂಟ್ ಹೋಗುವ ಊರಿನವರು ಯುಪಿಎಸ್ ಲೆಕ್ಕವನ್ನೂ ಮಾಡಬೇಕು. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹಳೆಯ 357ಕ್ಕೆ ಮಾನಿಟರಿನ 25 ಸೇರಿದರೆ 382, ಯುಪಿಎಸ್ ಕೈಚೆಲ್ಲುತ್ತದೆ. ಹೊಸ 294ಕ್ಕೆ 25 ಸೇರಿದರೆ 319, ಕೆಲಸ ಉಳಿಸಿ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಬದಲಿಸುವಾಗ

ಮೊದಲು ಪ್ಲಗ್ ಕಿತ್ತಿಡಿ. ಕಂಪ್ಯೂಟರಿನ ಕಬ್ಬಿಣದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಎಂದು ಫೋಟೊ ತೆಗೆಯಿರಿ. ಮದರ್‌ಬೋರ್ಡಿಗೆ 24 ಪಿನ್, ಪ್ರೊಸೆಸರ್ ಹತ್ತಿರ 4 ಅಥವಾ 8 ಪಿನ್, ಕಾರ್ಡಿಗೆ 8 ಪಿನ್, ಡಿಸ್ಕುಗಳಿಗೆ ಸಾಟಾ ವೈರ್, ಇಷ್ಟೇ. ಪ್ರೊಸೆಸರಿನ 8 ಪಿನ್ನೂ ಕಾರ್ಡಿನ 8 ಪಿನ್ನೂ ಬೇರೆ ಬೇರೆ, ಒತ್ತಾಯದಿಂದ ತುರುಕಬಾರದು. ವೈರ್ ಬಿಚ್ಚಿ ಹಾಕುವಂಥ ಪವರ್ ಸಪ್ಲೈ ಆದರೆ ಹಳೆಯದರ ವೈರನ್ನು ಹೊಸದಕ್ಕೆ ಹಾಕಬೇಡಿ. ತುದಿ ಕೂತರೂ ಒಳಗಿನ ಜೋಡಣೆ ಬೇರೆ ಇರಬಹುದು, ಎಲ್ಲ ಸುಟ್ಟುಹೋಗುತ್ತದೆ. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯದಷ್ಟು ವಿದ್ಯುತ್ ಉಳಿದಿರುತ್ತದೆ.

ಎಲ್ಲ ಸರಿಯಾಗಿ ಜೋಡಿಸಿ ಹಚ್ಚಿದಾಗ ಪರದೆ ಕಪ್ಪು. ನನ್ನ ಎದೆ ಡವಡವ. ನೋಡಿದರೆ ಮಾನಿಟರ್ ವೈರನ್ನು ಕಾರ್ಡಿಗೆ ಹಾಕುವ ಬದಲು ಹಿಂದಿನ ಅಭ್ಯಾಸದಂತೆ ಮದರ್‌ಬೋರ್ಡಿಗೆ ಹಾಕಿದ್ದೆ!

ಖಾತೆಯಲ್ಲಿ ಎಲ್ಲಿ ಬರೆಯುವುದು?

ನಾವು ಕೊಟ್ಟದ್ದು 8,500 + 3,900 = 12,400 ರೂಪಾಯಿ. ಇದು ಬಂಡವಾಳ ವೆಚ್ಚವೋ ರಾಜಸ್ವ ವೆಚ್ಚವೋ? ಕೆಟ್ಟ ಪವರ್ ಸಪ್ಲೈ ತೆಗೆದು ಅಂಥದ್ದನ್ನೇ ಹಾಕಿದ್ದರೆ ದುರಸ್ತಿ, ರಾಜಸ್ವ ವೆಚ್ಚ. ಆದರೆ ಇಲ್ಲಿ ಕಾರ್ಡ್ ಯಂತ್ರದ ದುಡಿಯುವ ಶಕ್ತಿಯನ್ನೇ ಹೆಚ್ಚಿಸಿತು. ಆ ಕಾರ್ಡ್ ಕೆಲಸ ಮಾಡಲು ಹೊಸ ಪವರ್ ಸಪ್ಲೈ ಬೇಕೇ ಬೇಕು. ಆದ್ದರಿಂದ ಎರಡೂ ಬಂಡವಾಳ ವೆಚ್ಚ, ಕಂಪ್ಯೂಟರ್ ಖಾತೆಗೆ ಸೇರಿಸಿ ಸವಕಳಿ ತೆಗೆಯಬೇಕು. ಆದಾಯ ತೆರಿಗೆ ನಿಯಮದಂತೆ ಕಂಪ್ಯೂಟರಿನ ಸವಕಳಿ ದರ ಶೇಕಡಾ 40.

ಹಳೆಯ ಯಂತ್ರಕ್ಕೆ ಇಷ್ಟು ಹಣ ಹಾಕಬೇಕಿತ್ತೇ ಎಂದು ಅಬ್ಬಾ ಕೇಳಿದರು. ನ್ಯಾಯವಾದ ಪ್ರಶ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮಾಮೂ ಅವರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮುಂದೆ ಮದರ್‌ಬೋರ್ಡ್, ಪ್ರೊಸೆಸರ್ ಬದಲಿಸಲೇಬೇಕು. ಆದರೆ ಈ ಕಾರ್ಡ್, ಈ ಪವರ್ ಸಪ್ಲೈ ಎರಡನ್ನೂ ಆಗ ಹೊಸದಕ್ಕೆ ಹಾಕಬಹುದು. ಹಳೆಯ ರ‍್ಯಾಮ್ ಹೆಚ್ಚಿಸಲು ಹಣ ಹಾಕಿದ್ದರೆ ಅದು ಹಳೆಯ ಯಂತ್ರದ ಜೊತೆಗೇ ಹೋಗಬಹುದಿತ್ತು.

ಮುಂಡರಗಿಯ ವಿಡಿಯೊ ಶುಕ್ರವಾರದ ಬದಲು ಭಾನುವಾರ ಹೋಯಿತು. ಗಿರಾಕಿ 1,000 ರೂಪಾಯಿ ಮುರಿದುಕೊಂಡರು. ಮಾಮೂ ಹುಬ್ಬಳ್ಳಿಗೆ ಮತ್ತೊಮ್ಮೆ ಫೋನ್ ಮಾಡಿ, "ಕಾರ್ಡ್ ಚಲೋ ಐತ್ರಿ, ತಪ್ಪು ನಮ್ಮದ, ಮಾಫ್ ಮಾಡ್ರಿ" ಎಂದು ಕೇಳಿಕೊಂಡರು. ಆ ಫೋನ್ ಮಾಡುವುದು ಅವರಿಗೆ 12,400 ರೂಪಾಯಿ ಕೊಡುವುದಕ್ಕಿಂತ ಕಷ್ಟವಾಗಿತ್ತು ಎಂದು ನನಗೆ ಗೊತ್ತು. ಲೇಬಲ್ ಓದಲು ಎರಡು ನಿಮಿಷ ಸಾಕಿತ್ತು. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಇವತ್ತೇ 12 ವೋಲ್ಟಿನ ಎದುರಿನ ಅಂಕಿ ಬರೆದುಕೊಳ್ಳಿ, 12ರಿಂದ ಗುಣಿಸಿ ನೋಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ