ಗಣಕಯಂತ್ರದ ವ್ಯೂಹಕ್ರೀಡೆಗಳಲ್ಲಿ ಸರದಿಯ ನಿರೀಕ್ಷೆ: ಕಾರಣ ಮತ್ತು ಪರಿಹಾರ

ಮಹಾನಗರದಲ್ಲಿ ನೆಲೆಸಿದವರಿಗೆ ಕಾಯುವುದು ಹೊಸತಲ್ಲ. 2017ರ ನವೆಂಬರ್ 28ರಂದು ಮಿಯಾಪುರದಲ್ಲಿ ಹೈದರಾಬಾದಿನ ಮೆಟ್ರೊ ರೈಲು ಉದ್ಘಾಟನೆಗೊಂಡಿತು. ಅಂದಿನಿಂದ ಇಲ್ಲಿನ ಕನ್ನಡ ಕುಟುಂಬಗಳ ರಸ್ತೆಯ ನಿರೀಕ್ಷೆ ಎಷ್ಟೋ ಮಟ್ಟಿಗೆ ತಗ್ಗಿತು. ಆದರೆ ಮನೆಯೊಳಗೇ ಇನ್ನೊಂದು ಬಗೆಯ ನಿರೀಕ್ಷೆ ತಲೆಯೆತ್ತಿದೆ. ಶಾಲೆಗೆ ಹೋಗುವ ಮಗ ಗಣಕಯಂತ್ರದ ಮುಂದೆ ಕುಳಿತು ರಾಜ್ಯ ಕಟ್ಟುವ ಆಟವಾಡುತ್ತಾನೆ. ಊಟಕ್ಕೆ ಕರೆದ ತಾಯಿಗೆ, "ಇದೊಂದು ಸರದಿ ಬಂದುಬಿಡಲಿ, ಅಮ್ಮಾ" ಎನ್ನುತ್ತಾನೆ. ತಟ್ಟೆಯ ಅನ್ನ ಆರುತ್ತದೆ. ಸರದಿ ಮಾತ್ರ ಬರುವುದಿಲ್ಲ.

ಈ ವಿಳಂಬಕ್ಕೆ ಕಾರಣವೇನು, ಅದನ್ನು ತಗ್ಗಿಸುವ ಬಗೆ ಹೇಗೆ, ತಗ್ಗಿಸಿ ಉಳಿಸಿದ ಹೊತ್ತನ್ನು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆಟದ ಸ್ವರೂಪ

ನಮ್ಮ ಅಜ್ಜಿಯರು ಆಡುತ್ತಿದ್ದ ಚೌಕಾಬಾರದಲ್ಲಿ ನಾಲ್ವರು ಕುಳಿತರೂ ಸರದಿ ಬೇಗನೆ ಸುತ್ತಿ ಬರುತ್ತದೆ. ಕವಡೆ ಬಿದ್ದ ಮೇಲೆ ಯಾವ ಕಾಯನ್ನು ನಡೆಸಬೇಕು ಎಂಬುದಷ್ಟೇ ನಿರ್ಧಾರ. ವ್ಯೂಹಕ್ರೀಡೆಯ ರೀತಿ ಬೇರೆ. ಸಿಡ್ ಮೈಯರ್ ಅವರು ರೂಪಿಸಿದ, 1991ರಲ್ಲಿ ಹೊರಬಂದ 'ಸಿವಿಲೈಸೇಶನ್' ಈ ಜಾತಿಯ ಆಟಗಳಲ್ಲಿ ಪ್ರಸಿದ್ಧವಾದುದು. 2016ರಲ್ಲಿ ಬಂದ ಅದರ ಆರನೆಯ ಆವೃತ್ತಿಯಲ್ಲಿ ಸಾಧಾರಣ ವೇಗದ ಆಟವೊಂದಕ್ಕೆ 500 ಸರದಿಗಳು. ಅತ್ಯಂತ ದೊಡ್ಡ ಭೂಪಟವನ್ನು ಆರಿಸಿಕೊಂಡರೆ ಸಾಮಾನ್ಯವಾಗಿ 12 ರಾಜ್ಯಗಳು ಕಣಕ್ಕಿಳಿಯುತ್ತವೆ. ಒಂದೊಂದು ರಾಜ್ಯವೂ ತನ್ನ ನಗರ, ಪಡೆ, ವಿದ್ಯೆ, ವ್ಯಾಪಾರಗಳನ್ನು ಕುರಿತು ಪ್ರತಿ ಸರದಿಯಲ್ಲಿಯೂ ನಿರ್ಧಾರ ಕೈಗೊಳ್ಳಬೇಕು.

ಇಲ್ಲಿ ವಿಳಂಬ ಎರಡು ಬಗೆ: ಯಂತ್ರ ಯೋಚಿಸುವುದರಿಂದ ಆಗುವುದು ಒಂದು, ಮನುಷ್ಯ ಯೋಚಿಸುವುದರಿಂದ ಆಗುವುದು ಮತ್ತೊಂದು. ರೋಗನಿದಾನವಿಲ್ಲದೆ ಔಷಧ ಕೊಡುವುದು ಹೇಗೆ ಸಲ್ಲದೋ ಹಾಗೆಯೇ ಇವೆರಡನ್ನು ಬೇರ್ಪಡಿಸದೆ ಪರಿಹಾರ ಹುಡುಕುವುದೂ ಸಲ್ಲದು.

ಯಂತ್ರದ ವಿಳಂಬ

ಆಟದ ಆರಂಭದಲ್ಲಿ 8 ಎದುರಾಳಿಗಳ ಬಳಿ ತಲಾ 5 ಪಡೆಗಳಿದ್ದರೆ ಯಂತ್ರ 40 ಪಡೆಗಳ ಚಲನೆಯನ್ನು ಲೆಕ್ಕ ಹಾಕಬೇಕು. ಅವು ತಲಾ 30ಕ್ಕೆ ಬೆಳೆದಾಗ ಲೆಕ್ಕ 240ಕ್ಕೆ ಏರುತ್ತದೆ. ಪ್ರತಿ ಪಡೆಗೂ ದಾರಿ ಹುಡುಕಬೇಕು. ಭೂಪಟ ವಿಶಾಲವಾದಷ್ಟೂ ದಾರಿಗಳು ಹೆಚ್ಚು. ಮೊದಮೊದಲು ಕ್ಷಣಮಾತ್ರದಲ್ಲಿ ಮುಗಿಯುತ್ತಿದ್ದ ಸರದಿ ಕಡೆಕಡೆಗೆ ನಿಮಿಷವನ್ನು ನುಂಗುವುದು ಇದರಿಂದಲೇ.

ವೇಗದ ಯಂತ್ರವನ್ನು ಕೊಂಡರೆ ತೊಂದರೆ ತೀರದೇ ಎಂದು ಕೇಳಬಹುದು. ಕೊಂಚ ಮಟ್ಟಿಗೆ ತೀರುತ್ತದೆ, ಪೂರ್ಣವಾಗಿ ಅಲ್ಲ. ಒಂದು ರಾಜ್ಯದ ಪಡೆ ಎಲ್ಲಿಗೆ ಸರಿಯಿತು ಎಂಬುದು ತಿಳಿಯದೆ ಮುಂದಿನ ರಾಜ್ಯ ನಿರ್ಧಾರ ಕೈಗೊಳ್ಳಲಾಗದು. ಹಿಂದಿನ ಜಮಾ ಖರ್ಚು ಬರೆಯದೆ ದಿನದ ಶಿಲ್ಕು ತೆಗೆಯಲಾಗದಂತೆ. ಒಂದರ ಹಿಂದೊಂದಾಗಿಯೇ ನಡೆಯಬೇಕಾದ ಕೆಲಸಕ್ಕೆ ಎಷ್ಟು ಆಳುಗಳನ್ನು ಹಚ್ಚಿದರೂ ಫಲ ಮಿತವಾದುದು ಎಂಬ ತತ್ತ್ವವನ್ನು ಗಣಕತಜ್ಞ ಜೀನ್ ಆಮ್ಡಾಲ್ 1967ರಲ್ಲಿಯೇ ಪ್ರತಿಪಾದಿಸಿದ್ದರು.

ಆದುದರಿಂದ ಯಂತ್ರದ ಹೊರೆಯನ್ನು ಇಳಿಸುವುದೇ ಮೇಲು. ಅದಕ್ಕೆ ಉಪಾಯಗಳು ಹೀಗಿವೆ:

1. ಆರಂಭದಲ್ಲಿಯೇ ಚಿಕ್ಕ ಭೂಪಟವನ್ನೂ ಕಡಿಮೆ ಎದುರಾಳಿಗಳನ್ನೂ ಆರಿಸಿಕೊಳ್ಳಬೇಕು. ನಡುವೆ ಇದನ್ನು ಬದಲಿಸಲಾಗದು.

2. ಪಡೆಗಳ ನಡಿಗೆ, ಕಾಳಗಗಳ ಚಲನಚಿತ್ರವನ್ನು ನಿಲ್ಲಿಸಬೇಕು. ಪ್ರತಿ ಸರದಿಯಲ್ಲಿ ಕಣ್ಣಿಗೆ ಬೀಳುವ 40 ಚಲನೆಗಳಿಗೆ ತಲಾ 1 ಸೆಕೆಂಡು ಹಿಡಿದರೆ 200 ಸರದಿಗಳಿಗೆ 8,000 ಸೆಕೆಂಡು. ಎಂದರೆ 2 ಗಂಟೆ 13 ನಿಮಿಷಕ್ಕೂ ಮಿಗಿಲು. ಸಿವಿಲೈಸೇಶನ್ ಆಟದಲ್ಲಿ ಶೀಘ್ರ ಚಲನೆ, ಶೀಘ್ರ ಕಾಳಗ ಎಂಬ ಆಯ್ಕೆಗಳು ಇದಕ್ಕೆಂದೇ ಇವೆ.

3. ಕಡಿಮೆ ಸರದಿಗಳ ವೇಗವನ್ನು ಆರಿಸಬಹುದು. ಆರನೆಯ ಆವೃತ್ತಿಯಲ್ಲಿ 500ರ ಬದಲು 250 ಸರದಿಗಳ ಆಟವೂ ಉಂಟು.

4. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ. ಕಾದ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೈದರಾಬಾದಿನ ಮೇ ತಿಂಗಳ ಸೆಕೆಯಲ್ಲಿ ಇದು ವಿಶೇಷವಾಗಿ ಗಮನಾರ್ಹ. ಮೇಜಿನ ಮೇಲಿರಿಸಿ, ಫ್ಯಾನಿನ ಧೂಳು ತೆಗೆಸಿ, ಚಾರ್ಜರ್ ಜೋಡಿಸಿ ಆಡುವುದು ಒಳಿತು.

ಮನುಷ್ಯರ ವಿಳಂಬ

ಗೆಳೆಯರು ಸೇರಿ ಆಡುವಾಗ ಲೆಕ್ಕ ಬೇರೆ. ಆರು ಮಂದಿ ತಲಾ 2 ನಿಮಿಷ ತೆಗೆದುಕೊಂಡರೆ ಒಬ್ಬನು ತನ್ನ 2 ನಿಮಿಷದ ಆಟಕ್ಕೆ 10 ನಿಮಿಷ ಕಾಯಬೇಕು. ಎರಡು ಗಂಟೆ ಕುಳಿತರೆ ಅವನು ನಿಜವಾಗಿ ಆಡಿದ್ದು 20 ನಿಮಿಷ; ಉಳಿದ 100 ನಿಮಿಷ ಬರಿಯ ಕಾಯುವಿಕೆ.

ಈ ಗೊಡವೆ ಹಳೆಯದು. 1851ರಲ್ಲಿ ಲಂಡನ್ನಿನ ಚದುರಂಗ ಪಂದ್ಯಾವಳಿಯಲ್ಲಿ ಎದುರಾಳಿಗಳ ಮಂದಗತಿಯ ವಿರುದ್ಧ ದೂರುಗಳೆದ್ದಿದ್ದವು. 1883ರಲ್ಲಿ ಅದೇ ನಗರದ ಪಂದ್ಯಾವಳಿಗೆ ಜೋಡಿ ಗಡಿಯಾರ ಬಂದಿತು. 2002ರಲ್ಲಿ ಹೈದರಾಬಾದಿನಲ್ಲೇ ನಡೆದ ವಿಶ್ವಕಪ್ ಚದುರಂಗವನ್ನು ವಿಶ್ವನಾಥನ್ ಆನಂದ್ ಗೆದ್ದಾಗಲೂ ಆಟ ಸಾಗಿದ್ದು ಗಡಿಯಾರದ ಅಂಕೆಯಲ್ಲಿಯೇ. ಜಗಜಟ್ಟಿಗಳಿಗೆ ಸಲ್ಲುವ ಕಟ್ಟುಪಾಡು ಮನೆಯ ಮಕ್ಕಳಿಗೇಕೆ ಸಲ್ಲದು?

ಅನೇಕ ವ್ಯೂಹಕ್ರೀಡೆಗಳಲ್ಲಿ ಸರದಿಗೆ ಕಾಲಮಿತಿ ಹಾಕುವ ಅವಕಾಶವಿದೆ. ಇದಕ್ಕಿಂತಲೂ ಫಲಕಾರಿಯಾದುದು ಎಲ್ಲರೂ ಏಕಕಾಲದಲ್ಲಿ ನಡೆಸುವ ಪದ್ಧತಿ. ಆಗ ಒಂದು ಸುತ್ತಿಗೆ ಹಿಡಿಯುವುದು ಎಲ್ಲರ ಸಮಯದ ಮೊತ್ತವಲ್ಲ, ಅತ್ಯಂತ ನಿಧಾನಿಯೊಬ್ಬನ ಸಮಯ ಮಾತ್ರ. ಮೇಲಿನ ಉದಾಹರಣೆಯಲ್ಲಿ 12 ನಿಮಿಷದ ಸುತ್ತು 2 ನಿಮಿಷಕ್ಕೆ ಇಳಿಯುತ್ತದೆ. ಬೇರೆ ಬೇರೆ ಊರುಗಳಲ್ಲಿರುವ ಸೋದರ ಬಂಧುಗಳು ಆಡುವುದಾದರೆ ಅಂಚೆಯ ಚದುರಂಗದಂತೆ ದಿನಕ್ಕೊಂದು ಸರದಿ ಎಂದು ಗೊತ್ತುಮಾಡಿಕೊಳ್ಳಬಹುದು. ಆಗ ಯಾರೂ ಯಂತ್ರದ ಮುಂದೆ ಕಾದು ಕೂರಬೇಕಿಲ್ಲ.

ಆರೋಗ್ಯದ ದೃಷ್ಟಿ

ಕಾಯುವ ಹೊತ್ತು ವಿಶ್ರಾಂತಿಯ ಹೊತ್ತಲ್ಲ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಕುತ್ತಿಗೆ ಬಾಗಿಯೇ ಇರುತ್ತದೆ. ಆದುದರಿಂದ ಸರದಿ ಮುಗಿದೊಡನೆ ಎದ್ದು ನಿಲ್ಲುವುದು, ಕಿಟಕಿಯಿಂದ ದೂರದ ಮರವನ್ನು ನೋಡುವುದು, ನೀರು ಕುಡಿಯುವುದು ರೂಢಿಯಾಗಬೇಕು.

ಇಲ್ಲಿ ಪೋಷಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿಳಂಬ ತಗ್ಗಿದಾಗ ಬೇಸರವೂ ತಗ್ಗುತ್ತದೆ. ಬೇಸರ ತಗ್ಗಿದಾಗ ಆಟದಿಂದ ಏಳುವ ಕಾರಣವೂ ಇಲ್ಲವಾಗುತ್ತದೆ. 'ಇನ್ನೊಂದೇ ಸರದಿ' ಎಂಬ ಹಂಬಲ ಆಗಲೇ ಬಲಿಯುವುದು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಸಲಹೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿತು. ಆಟದ ಮೇಲಣ ಹತೋಟಿ ಪೂರ್ಣವಾಗಿ ತಪ್ಪಿ, ಓದು, ಊಟ, ಬಾಂಧವ್ಯಗಳೆಲ್ಲ ಬಹುಕಾಲ ಹಿಂದೆ ಬಿದ್ದರೆ ಅದನ್ನು ವ್ಯಾಧಿಯೆಂದೇ ಆ ಸಂಸ್ಥೆಯ ರೋಗಪಟ್ಟಿ ಪರಿಗಣಿಸುತ್ತದೆ. ಆಡುವವರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ.

ಉಪಸಂಹಾರ

ಖರ್ಚು ಕಡಿಮೆ ಮಾಡಿದ ಮಾತ್ರಕ್ಕೆ ಉಳಿತಾಯವಾಗದು. ಮಿಗಿಸಿದ್ದನ್ನು ಬೇರೆ ಖಾತೆಗೆ ಜಮಾ ಮಾಡಿದಾಗಲೇ ಅದು ಉಳಿತಾಯ. ಕಾಲದ ವಿಷಯವೂ ಹಾಗೆಯೇ. ಎರಡು ಗಂಟೆ ಉಳಿಸಿ ಮತ್ತೆರಡು ಗಂಟೆ ಆಡಿದರೆ ಮಗುವಿಗೆ ದಕ್ಕಿದ್ದೇನು? ಆಟಕ್ಕೆ ಕೂರುವ ಮುನ್ನವೇ ಭೂಪಟ ಎಷ್ಟು, ಎದುರಾಳಿಗಳೆಷ್ಟು, ಏಳುವ ಗಂಟೆ ಯಾವುದು ಎಂಬುದನ್ನು ತಂದೆ ಮಕ್ಕಳು ಒಟ್ಟಿಗೆ ಕುಳಿತು ನಿಶ್ಚಯಿಸಲಿ. ಆಟವನ್ನು ಎಲ್ಲಿಗೆ ನಿಲ್ಲಿಸಿದರೂ ಯಂತ್ರ ಅದನ್ನು ನಾಳೆಗೆ ಕಾಪಿಟ್ಟುಕೊಳ್ಳುತ್ತದೆ. ಬಿಸಿ ಅನ್ನವೂ ರಾತ್ರಿಯ ನಿದ್ರೆಯೂ ಹಾಗೆ ಕಾದಿರುವಂಥವಲ್ಲ.